ಪೆಟ್ಟಿಗೆ ಕೇಳದ ಪ್ರಶ್ನೆಗಳು

ಆಸ್ಪತ್ರೆ, ಲಾಡ್ಜು, ಬ್ಯಾಂಕು, ಇಲ್ಲವೇ ನಿಮ್ಮ ಶಾಲೆಯ ಆಫೀಸಿಗೆ ಹೋದಾಗ ರಿಸೆಪ್ಷನ್ ಮೇಜಿನ ಹಿಂದಿನ ಗೋಡೆಯ ಕಡೆ ಒಮ್ಮೆ ಕಣ್ಣು ಹಾಯಿಸಿ. ಸ್ಕೂಲ್ ಬ್ಯಾಗಿನಷ್ಟು ದೊಡ್ಡದಾದ, ಮಾಸಲು ಬಿಳಿ ಬಣ್ಣದ ಒಂದು ಪೆಟ್ಟಿಗೆ ಅಲ್ಲಿ ಕೂತಿರುತ್ತದೆ. ನೀಲಿ-ಬಿಳಿ, ಕಿತ್ತಳೆ-ಬಿಳಿ, ಹಸಿರು-ಬಿಳಿ ತಂತಿಗಳು ಜೋಡಿಜೋಡಿಯಾಗಿ ಅದರಿಂದ ಹೊರಬಿದ್ದು, ಗೋಡೆಗುಂಟ ಸಾಗಿ, ಒಂದೊಂದು ಕೋಣೆಯನ್ನು ಸೇರುತ್ತವೆ. ಪಕ್ಕದಲ್ಲೊಂದು ಹಾಳೆ ಅಂಟಿಸಿರುತ್ತಾರೆ: ಪ್ರಿನ್ಸಿಪಾಲ್ 201, ಅಕೌಂಟ್ಸ್ 204, ಲ್ಯಾಬ್ 207, ಗೇಟ್ 215. ಒಂದೆರಡು ನಂಬರನ್ನು ಬಾಲ್‌ಪೆನ್ನಿನಲ್ಲಿ ಹೊಡೆದುಹಾಕಿ ಮೇಲೆ ಬೇರೆ ಬರೆದಿರುತ್ತಾರೆ. ಈ ಪೆಟ್ಟಿಗೆಯೇ ಆ ಆಫೀಸಿನ ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜ್. ಫೋನ್ ರಿಪೇರಿಯವರ ಬಾಯಲ್ಲಿ ಅದು ಇಪಿಎಬಿಎಕ್ಸ್. ಆಫೀಸಿನವರಿಗೆ ‘ಇಂಟರ್‌ಕಾಮ್ ಬಾಕ್ಸ್’.

ಅದು ಏಕೆ ಬೇಕು ಎಂಬುದು ಸುಲಭ. 30 ಕೋಣೆಗಳಿರುವ ಕಟ್ಟಡಕ್ಕೆ ಟೆಲಿಫೋನ್ ಕಂಪನಿಯಿಂದ 30 ಲೈನ್ ತರಿಸಿದರೆ ತಿಂಗಳು ತಿಂಗಳು ಬಾಡಿಗೆ ಕಟ್ಟಿಯೇ ಸುಸ್ತಾಗಬೇಕು. ಎಲ್ಲರೂ ಒಂದೇ ಹೊತ್ತಿಗೆ ಹೊರಗಿನವರ ಜೊತೆ ಮಾತಾಡುವುದೂ ಇಲ್ಲ. ಹೊರಗಿನ ಮೂರೋ ನಾಲ್ಕೋ ಲೈನನ್ನು ಪೆಟ್ಟಿಗೆಗೆ ಕೊಟ್ಟು, ಒಳಗಿನ 30 ಫೋನುಗಳು ಅವನ್ನೇ ಹಂಚಿಕೊಂಡರೆ ಸಾಕು. ಲ್ಯಾಬಿನಿಂದ ಲೈಬ್ರರಿಗೆ ಮಾಡುವ ಕರೆಯಂತೂ ಕಟ್ಟಡ ದಾಟುವುದೇ ಇಲ್ಲ. ಅದಕ್ಕೆ ಬಿಲ್ಲೂ ಬರುವುದಿಲ್ಲ.

ಕಷ್ಟ ಇರುವುದು ಬೇರೆ ಕಡೆ. ಅಂಗಡಿಯಿಂದ ಬಂದ ದಿನ ಈ ಪೆಟ್ಟಿಗೆಗೆ ಏನೂ ತಿಳಿದಿಲ್ಲ ಎಂದುಕೊಳ್ಳಿ. ಆಗ ಅದು ಒಂದೊಂದನ್ನೂ ಕೇಳಲೇಬೇಕು. ಹೊರಗಿನಿಂದ ಕರೆ ಬಂದರೆ ಯಾವ ಫೋನ್ ಹೊಡೆದುಕೊಳ್ಳಬೇಕು? ಅಲ್ಲಿ ಯಾರೂ ಎತ್ತದಿದ್ದರೆ ಎಷ್ಟು ಸೆಕೆಂಡ್ ಕಾಯಲಿ, ಆಮೇಲೆ ಯಾರ ಫೋನಿಗೆ ಕಳಿಸಲಿ? ಗೇಟಿನ ಫೋನಿನಿಂದ ವಿದೇಶಕ್ಕೆ ಕರೆ ಹೋಗಬಹುದೋ ಬೇಡವೋ? ಒಂದು ಅಂಕಿ ಒತ್ತಿ ಸುಮ್ಮನೆ ಕೂತುಬಿಟ್ಟವರಿಗಾಗಿ ಎಷ್ಟು ಹೊತ್ತು ಕಾಯಬೇಕು? ಒಂದು ಫೋನಿಗೆ 20 ಪ್ರಶ್ನೆ ಎಂದರೂ 30 ಫೋನಿಗೆ 600 ಆಯಿತು. ಅಷ್ಟಕ್ಕೂ ಉತ್ತರ ಕೊಡುತ್ತಾ ಕೂತರೆ ಫೋನ್ ಹಾಕಲು ಬಂದವನು ಸಂಜೆಗೂ ಮನೆಗೆ ಹೋಗಲಾರ.

ನಿಜದಲ್ಲಿ ಹಾಗಾಗುವುದಿಲ್ಲ. ಪೆಟ್ಟಿಗೆಯನ್ನು ಗೋಡೆಗೆ ಹಾಕಿ, ತಂತಿ ಸಿಕ್ಕಿಸಿ, ಕರೆಂಟ್ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲೇ 201ರಿಂದ 204ಕ್ಕೆ ಮಾತಾಡಬಹುದು. ಏಕೆಂದರೆ ಆ ಪ್ರಶ್ನೆಗಳಿಗೆಲ್ಲ ಯಾರೋ ಮೊದಲೇ ಕೂತು ಯೋಚಿಸಿ ಉತ್ತರ ತುಂಬಿಟ್ಟಿರುತ್ತಾರೆ. ಹೀಗೆ ಮೊದಲೇ ತುಂಬಿಟ್ಟ ಉತ್ತರವನ್ನು ಡೀಫಾಲ್ಟ್ ಎನ್ನುತ್ತಾರೆ. ಖಾನಾವಳಿಯಲ್ಲಿ ಕೂತು ‘ಒಂದು ಊಟ’ ಎಂದರೆ ಪಲ್ಯ ಯಾವುದು, ಸಾರು ಎಷ್ಟು ಎಂದು ಯಾರೂ ಕೇಳುವುದಿಲ್ಲವಲ್ಲ, ಮಜ್ಜಿಗೆ ಬೇಡದವರು ಕೈ ಅಡ್ಡ ಹಿಡಿದರಾಯಿತು, ಇದೂ ಹಾಗೆಯೇ.

ಕೇಳಲು ಇದು ಇಷ್ಟೇ. ಆದರೆ ಆ ಉತ್ತರಗಳಲ್ಲಿ ಒಂದೆರಡನ್ನು ಬಿಚ್ಚಿ ನೋಡಿದರೆ, ತುಂಬಿಟ್ಟವರು ಎಷ್ಟು ಯೋಚಿಸಿರಬೇಕು ಎಂಬುದು ತಿಳಿಯುತ್ತದೆ.

ರಿಸೀವರ್ ಇಡುವ ಜಾಗದಲ್ಲಿ ಒತ್ತಿದರೆ ಕೆಳಗಿಳಿಯುವ ಪುಟ್ಟ ಗುಂಡಿ ಇದೆಯಲ್ಲ, ಅದು ಹುಕ್. ರಿಸೀವರ್ ಎತ್ತಿದಾಗ ಹುಕ್ ಮೇಲೇಳುತ್ತದೆ, ತಂತಿಯಲ್ಲಿ ಸಣ್ಣ ಕರೆಂಟ್ ಹರಿಯತೊಡಗುತ್ತದೆ. ‘ಯಾರೋ ಫೋನ್ ಎತ್ತಿದರು’ ಎಂದು ಪೆಟ್ಟಿಗೆಗೆ ಗೊತ್ತಾಗುವುದು ಹೀಗೆ. ರಿಸೀವರ್ ಇಟ್ಟರೆ ಕರೆಂಟ್ ನಿಂತಿತು, ಮಾತು ಮುಗಿಯಿತು. ಆದರೆ ಮಾತಿನ ನಡುವೆ ಹುಕ್ಕನ್ನು ಒಮ್ಮೆ ತಟ್ಟಿ ಬಿಟ್ಟರೆ? ಆಗಲೂ ಕರೆಂಟ್ ನಿಲ್ಲುತ್ತದೆ, ಆದರೆ ಕ್ಷಣ ಮಾತ್ರ. ‘ಇವರನ್ನು ಸ್ವಲ್ಪ ಕಾಯಿಸು, ಈ ಕರೆಯನ್ನು ಇನ್ನೊಬ್ಬರಿಗೆ ಕೊಡುತ್ತೇನೆ’ ಎಂದು ಅದರ ಅರ್ಥ. ಇದಕ್ಕೆ ಫ್ಲ್ಯಾಶ್ ಎಂದು ಹೆಸರು. ಕೆಲವು ಫೋನುಗಳಲ್ಲಿ ಇದಕ್ಕೆಂದೇ ಬೇರೆ ಬಟನ್ ಇರುತ್ತದೆ.

ಇದರಲ್ಲಿ ಮೂರನೆಯ ಅರ್ಥವೊಂದು ಸೇರಿಕೊಂಡಿದೆ. ನಿಮ್ಮ ಅಜ್ಜಿ-ತಾತನ ಕಾಲದಲ್ಲಿ ಬೆರಳು ತೂರಿಸಿ ತಿರುಗಿಸುವ ಡಯಲ್ ಇದ್ದ ಕಪ್ಪು ಫೋನ್ ಇತ್ತು. ಬೆಂಗಳೂರಿನಲ್ಲಿ 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆ ಅಂಥ ಫೋನುಗಳನ್ನು ತಯಾರಿಸುತ್ತಿತ್ತು; ಕಾರ್ಖಾನೆ ಇರುವ ಬಡಾವಣೆಗೆ ದೂರವಾಣಿನಗರ ಎಂದೇ ಹೆಸರು. ಆ ಫೋನಿನಲ್ಲಿ 5 ತಿರುಗಿಸಿದರೆ ಡಯಲ್ ವಾಪಸ್ ಬರುವಾಗ ಕರೆಂಟ್ ಐದು ಸಲ ಕಡಿದು ಕೂಡಿಕೊಳ್ಳುತ್ತಿತ್ತು. ಸೊನ್ನೆಗೆ ಹತ್ತು ಸಲ. ಸೆಕೆಂಡಿಗೆ ಸುಮಾರು ಹತ್ತು ಬಡಿತ. ಅಂದರೆ ಹುಕ್ಕನ್ನೇ ಸರಿಯಾದ ವೇಗದಲ್ಲಿ ಐದು ಸಲ ತಟ್ಟಿದರೂ ಎಕ್ಸ್‌ಚೇಂಜಿಗೆ ಅದು 5 ಎಂದೇ ಕೇಳಿಸುತ್ತಿತ್ತು! ಬಿಲ್ಲಿಗೆ ಹೆದರಿ ಡಯಲ್ಲಿಗೆ ಪುಟ್ಟ ಬೀಗ ಹಾಕುತ್ತಿದ್ದ ಕಾಲ ಅದು. ಬೀಗವನ್ನು ಮುಟ್ಟದೆ, ಹುಕ್ ತಟ್ಟಿಯೇ ನಂಬರ್ ಸೇರಿಸುವ ಚಾಲಾಕಿಗಳೂ ಇದ್ದರು.

ಈಗ ಪೆಟ್ಟಿಗೆಯ ಪಾಡು ನೋಡಿ. ಕರೆಂಟ್ ನಿಂತಿತು ಎಂಬುದೊಂದೇ ಸುದ್ದಿ. ಅದಕ್ಕೆ ಅರ್ಥ ಮೂರು. ಬೇರ್ಪಡಿಸಲು ಇರುವ ಸಾಧನ ಸಮಯ ಮಾತ್ರ. ಸುಮಾರು 60 ಮಿಲಿಸೆಕೆಂಡ್ ನಿಂತರೆ ಡಯಲ್ಲಿನ ಒಂದು ಬಡಿತ. ಅದಕ್ಕಿಂತ ಉದ್ದವಾದರೆ ಫ್ಲ್ಯಾಶ್. ಇನ್ನೂ ಉದ್ದವಾದರೆ ಫೋನ್ ಇಟ್ಟರು ಎಂದು ಲೆಕ್ಕ. ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದಕ್ಕೆ ಲೋಕವೆಲ್ಲ ಒಪ್ಪಿದ ಉತ್ತರವಿಲ್ಲ. ಬ್ರಿಟನ್ನಿನ ಫೋನುಗಳಲ್ಲಿ ಫ್ಲ್ಯಾಶ್ ಸುಮಾರು 100 ಮಿಲಿಸೆಕೆಂಡಿನದು, ಅಮೆರಿಕದ್ದರಲ್ಲಿ ಸುಮಾರು 600ರದ್ದು. ಒಂದು ದೇಶದ ಫೋನನ್ನು ಇನ್ನೊಂದು ದೇಶದ ಪೆಟ್ಟಿಗೆಗೆ ಸಿಕ್ಕಿಸಿದರೆ ಕರೆಯನ್ನು ಇನ್ನೊಬ್ಬರಿಗೆ ಕೊಡಲು ಹೋಗಿ ಕರೆಯೇ ಕಟ್ ಆಗಬಹುದು. ತಪ್ಪು ಫೋನಿನದೂ ಅಲ್ಲ, ಪೆಟ್ಟಿಗೆಯದೂ ಅಲ್ಲ. ಎರಡರೊಳಗೂ ಬೇರೆ ಬೇರೆ ಜನ ಬೇರೆ ಬೇರೆ ಉತ್ತರ ತುಂಬಿದ್ದಾರೆ, ಅಷ್ಟೇ.

ಹಾಗಾಗಿ ಒಳ್ಳೆಯ ಪೆಟ್ಟಿಗೆ ಮಿಲಿಸೆಕೆಂಡಿನ ಮಾತೆತ್ತದೆ ಒಂದೇ ಪ್ರಶ್ನೆ ಕೇಳುತ್ತದೆ: ನೀವಿರುವುದು ಯಾವ ದೇಶದಲ್ಲಿ? ‘ಭಾರತ’ ಎಂದು ಆರಿಸಿದ ಕೂಡಲೇ ಹತ್ತಾರು ಉತ್ತರಗಳು ಒಟ್ಟಿಗೆ ತಾವಾಗಿಯೇ ಕೂರುತ್ತವೆ. ರಿಸೀವರ್ ಎತ್ತಿದಾಗ ಕೇಳುವ ‘ಗುರ್‌ರ್’ ಸದ್ದನ್ನೇ ತೆಗೆದುಕೊಳ್ಳಿ. ನಮ್ಮ ದೇಶದ ಡಯಲ್ ಟೋನ್ 400 ಹರ್ಟ್ಸ್‌ನ ಒಂದು ಸ್ವರ. ಅದನ್ನು ಸೆಕೆಂಡಿಗೆ 25 ಸಲ ಏರಿಳಿಸುತ್ತಾರೆ, ಆ ನಡುಕವೇ ನಮಗೆ ಗುರುಗುಟ್ಟಿದಂತೆ ಕೇಳುವುದು. ಅಮೆರಿಕದಲ್ಲಿ 350 ಮತ್ತು 440 ಹರ್ಟ್ಸ್‌ನ ಎರಡು ಸ್ವರಗಳನ್ನು ಬೆರೆಸುತ್ತಾರೆ. ಆ ಕಡೆ ಫೋನ್ ಹೊಡೆದುಕೊಳ್ಳುತ್ತಿದೆ ಎಂದು ಈ ಕಡೆಯವರಿಗೆ ತಿಳಿಸುವ ಸದ್ದೂ ಬೇರೆ. ನಮ್ಮದು ಜೋಡಿ ಬಡಿತ: 0.4 ಸೆಕೆಂಡ್ ಸದ್ದು, 0.2 ಸೆಕೆಂಡ್ ಮೌನ, ಮತ್ತೆ 0.4 ಸದ್ದು, ಆಮೇಲೆ 2 ಸೆಕೆಂಡ್ ಬಿಡುವು. ಬ್ರಿಟನ್ನಿನದೂ ಹೀಗೆಯೇ. ಅಮೆರಿಕದವರಿಗೆ 2 ಸೆಕೆಂಡ್ ಉದ್ದದ ಒಂದೇ ಸದ್ದು, ನಂತರ 4 ಸೆಕೆಂಡ್ ಮೌನ. ಇಂಗ್ಲಿಷ್ ಸಿನಿಮಾ ನೋಡುವಾಗ ಕಿವಿಗೊಟ್ಟರೆ ಕಥೆ ಯಾವ ದೇಶದಲ್ಲಿ ನಡೆಯುತ್ತಿದೆ ಎಂದು ಇದರಿಂದಲೇ ಊಹಿಸಬಹುದು.

ಕಿವಿಗೆ ಹೊಸ ಸದ್ದು ಕೇಳಿದರೆ ನಾವು ಹೇಗೋ ಹೊಂದಿಕೊಳ್ಳುತ್ತೇವೆ. ಪೆಟ್ಟಿಗೆಗೆ ಆ ಜಾಣತನವಿಲ್ಲ. ಹಳೆಯ ತಾಮ್ರದ ಲೈನುಗಳಲ್ಲಿ ಹೊರಗಿನವರು ಫೋನ್ ಇಟ್ಟಿದ್ದು ಎಷ್ಟೋ ಪೆಟ್ಟಿಗೆಗಳಿಗೆ ಗೊತ್ತಾಗುವುದು, ದೊಡ್ಡ ಎಕ್ಸ್‌ಚೇಂಜ್ ಆಮೇಲೆ ಕಳಿಸುವ ಎಂಗೇಜ್ ಟೋನ್ ಕೇಳಿಸಿಕೊಂಡೇ. ನಮ್ಮಲ್ಲಿ ಅದು 0.75 ಸೆಕೆಂಡ್ ಸದ್ದು, 0.75 ಸೆಕೆಂಡ್ ಮೌನ. ಪೆಟ್ಟಿಗೆಯಲ್ಲಿ ಬೇರೆ ದೇಶದ ಹೆಸರು ಉಳಿದುಬಿಟ್ಟಿದ್ದರೆ ಅದು ಬೇರೆ ತಾಳಕ್ಕಾಗಿ ಕಾಯುತ್ತಾ ಇರುತ್ತದೆ. ಮಾತು ಮುಗಿದು ಎಷ್ಟೋ ಹೊತ್ತಾದರೂ ಲೈನ್ ಬಿಡುವುದೇ ಇಲ್ಲ. ‘ನಮ್ಮ ಲೈನು ಯಾವಾಗಲೂ ಎಂಗೇಜ್’ ಎಂದು ಆಫೀಸಿನವರು ಟೆಲಿಫೋನ್ ಕಂಪನಿಗೆ ದೂರುತ್ತಾರೆ. ಕಂಪನಿಯವರು ತಂತಿ ಪರೀಕ್ಷಿಸಿ ಏನೂ ಆಗಿಲ್ಲ ಎನ್ನುತ್ತಾರೆ. ಇಬ್ಬರ ಮಾತೂ ನಿಜ.

ಉತ್ತರ ತುಂಬುವವರ ತಲೆಯಲ್ಲಿ ಯಾವ ಊರು ಇದೆ ಎಂಬುದು ಸದ್ದಿಗಷ್ಟೇ ಸಂಬಂಧಿಸಿದ್ದಲ್ಲ. 1980ರ ದಶಕದವರೆಗೆ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಎಂದರೆ ಎ.ಸಿ. ಕೋಣೆ ಇದ್ದೇ ಇರುತ್ತದೆ ಎಂದು ವಿದೇಶದಲ್ಲಿ ಅದನ್ನು ರೂಪಿಸಿದವರು ಅಂದುಕೊಂಡಿದ್ದರು. ನಮ್ಮ ಹಳ್ಳಿಗಳಲ್ಲಿ ಎ.ಸಿ. ಹಾಗಿರಲಿ, ಕರೆಂಟೇ ಬಂದು ಹೋಗುತ್ತಿತ್ತು. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆಯ ಎಂಜಿನಿಯರುಗಳು ಆ ಊಹೆಯನ್ನೇ ಬದಲಿಸಿದರು. ಸೆಖೆ, ಧೂಳು ಎರಡೂ ಇರುತ್ತವೆ ಎಂದು ಲೆಕ್ಕ ಹಾಕಿ, ಎ.ಸಿ. ಇಲ್ಲದೆ ಕೆಲಸ ಮಾಡುವ 128 ಪೋರ್ಟಿನ ಪುಟ್ಟ ಎಕ್ಸ್‌ಚೇಂಜ್ ಕಟ್ಟಿದರು. ಅದು ಮೊದಲು ಕೆಲಸ ಶುರುಮಾಡಿದ್ದು 1986ರಲ್ಲಿ, ನಮ್ಮ ಚೆನ್ನಮ್ಮನ ಕಿತ್ತೂರಿನಲ್ಲಿ.

ಇನ್ನು ನಂಬರುಗಳ ವಿಚಾರ. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ, ಏಕೆಂದರೆ ಇದು ಪೆನ್ಸಿಲ್ ಹಿಡಿದು ನೀವೇ ಆಡಬಹುದಾದ ಆಟ.

ನೀವು 2, 0, 4 ಎಂದು ಒತ್ತುತ್ತೀರಿ. ಒಂದೊಂದು ಬಟನ್ನಿಗೂ ಎರಡೆರಡು ಸ್ವರ ಹೊರಡುತ್ತದೆ. ಉದಾಹರಣೆಗೆ 5ಕ್ಕೆ 770 ಮತ್ತು 1336 ಹರ್ಟ್ಸ್. ಪೆಟ್ಟಿಗೆ ಅದನ್ನು ಕೇಳಿ ಅಂಕಿಯನ್ನು ಗುರುತಿಸುತ್ತದೆ. ಆದರೆ ‘ನನ್ನದು ಮುಗಿಯಿತು’ ಎಂದು ಹೇಳುವ ಬಟನ್ನನ್ನು ನೀವು ಒತ್ತುವುದಿಲ್ಲ, ಮೊಬೈಲಿನ ಹಸಿರು ಬಟನ್ ಇಲ್ಲಿಲ್ಲ. ಹಾಗಿದ್ದರೆ 204 ಮುಗಿಯಿತು, ಇನ್ನು ನಾಲ್ಕನೆಯ ಅಂಕಿ ಬರುವುದಿಲ್ಲ ಎಂದು ಪೆಟ್ಟಿಗೆಗೆ ಹೇಗೆ ತಿಳಿಯುತ್ತದೆ?

ಉಪಾಯ ಮೊದಲ ಅಂಕಿಯಲ್ಲಿದೆ. ನಮ್ಮ ದೇಶದ ಬಹಳಷ್ಟು ಪೆಟ್ಟಿಗೆಗಳಲ್ಲಿ 9 ಒತ್ತಿದರೆ ಆಪರೇಟರ್. ಲಾಡ್ಜಿನ ಕೋಣೆಯಲ್ಲಿ ‘ರಿಸೆಪ್ಷನ್‌ಗೆ 9’ ಎಂದು ಬರೆದಿರುವುದನ್ನು ನೋಡಿರುತ್ತೀರಿ. 0 ಒತ್ತಿದರೆ ಹೊರಲೈನ್. 2ರಿಂದ ಶುರುವಾದರೆ ಒಳಗಿನ ಫೋನ್, ಮೂರು ಅಂಕಿ. ಒಂದು ಹಾಳೆಯಲ್ಲಿ ಬುಡದಿಂದ ಹತ್ತು ಕೊಂಬೆ ಎಳೆದು 0ಯಿಂದ 9ರವರೆಗೆ ಹೆಸರಿಡಿ. 9ರ ಕೊಂಬೆ ಅಲ್ಲಿಗೇ ಮುಗಿಯುತ್ತದೆ. 2ರ ಕೊಂಬೆ ಇನ್ನೆರಡು ಸಲ ಕವಲೊಡೆದು ನಿಲ್ಲುತ್ತದೆ. ಕೊಂಬೆಯ ತುದಿ ತಲುಪಿದ ಕೂಡಲೇ ಪೆಟ್ಟಿಗೆ ಫೋನ್ ಹೊಡೆಸುತ್ತದೆ, ಕಾಯುವುದೇ ಬೇಡ. ಇದಕ್ಕಿರುವ ನಿಯಮ ಒಂದೇ: ಯಾವ ನಂಬರೂ ಇನ್ನೊಂದು ನಂಬರಿನ ಆರಂಭ ಆಗಿರಬಾರದು. ಲೆಕ್ಕದಲ್ಲಿ ಇಂಥ ಗುಂಪಿಗೆ ಪ್ರಿಫಿಕ್ಸ್ ಸಂಕೇತ ಎನ್ನುತ್ತಾರೆ. ಕಂಪ್ಯೂಟರುಗಳು ದೊಡ್ಡ ಫೈಲನ್ನು ಕುಗ್ಗಿಸಿ ಚಿಕ್ಕದು ಮಾಡುವಾಗಲೂ ಇದೇ ನಿಯಮ ಕೆಲಸಕ್ಕೆ ಬರುತ್ತದೆ.

ಈಗ ನಿಯಮ ಮುರಿದು ನೋಡೋಣ. ಹೆಡ್‌ಮಾಸ್ಟರಿಗೆ ಚೆಂದದ ನಂಬರ್ ಬೇಕು ಎಂದು ಯಾರೋ ಅವರ ಫೋನಿಗೆ 11 ಕೊಟ್ಟರು ಎನ್ನಿ. ಹೊರಲೈನಿನ 0 ಒತ್ತದೆ ನೇರವಾಗಿ ತುರ್ತು ನಂಬರ್ 112ಕ್ಕೆ ಹೋಗುವಂತೆಯೂ ಪೆಟ್ಟಿಗೆಗೆ ಹೇಳಿದ್ದಾರೆ. ಒಬ್ಬರು 1, 1 ಒತ್ತಿದರು. ಪೆಟ್ಟಿಗೆ ಏನು ಮಾಡಬೇಕು? ತಕ್ಷಣ ಹೆಡ್‌ಮಾಸ್ಟರ ಫೋನ್ ಹೊಡೆಸಿದರೆ 112 ಎಂದಿಗೂ ಸಿಗದು. ಮೂರನೆಯ ಅಂಕಿ ಬರಬಹುದೇನೋ ಎಂದು ನಾಲ್ಕೈದು ಸೆಕೆಂಡ್ ಕಾದರೆ, ಹೆಡ್‌ಮಾಸ್ಟರಿಗೆ ಮಾಡುವ ಪ್ರತಿ ಕರೆಯೂ ಅಷ್ಟು ತಡ. 10 ಎಂಬ ನಂಬರ್ ಯಾರಿಗಾದರೂ ಕೊಟ್ಟರೆ ಮಕ್ಕಳ ಸಹಾಯವಾಣಿ 1098ರ ಗತಿಯೂ ಇದೇ. ಒಳಗಿನ ನಂಬರುಗಳನ್ನು 201ರಿಂದ ಶುರುಮಾಡಿಟ್ಟವರು 1ರ ಕೊಂಬೆಯನ್ನು ಖಾಲಿ ಬಿಟ್ಟದ್ದು ಎಷ್ಟು ಒಳ್ಳೆಯದಾಯಿತು ನೋಡಿ. 101ರಿಂದ ಶುರುವಾಗುವ ಪೆಟ್ಟಿಗೆಗಳೂ ಇವೆ. ಅಂಥದ್ದನ್ನು ನಾನಾಗಿದ್ದರೆ ಮೊದಲ ದಿನವೇ ಬದಲಿಸಿಬಿಡುತ್ತಿದ್ದೆ.

ಅಂದಹಾಗೆ, 2021ರ ಜನವರಿ 15ರಿಂದ ನಮ್ಮ ದೇಶದಲ್ಲಿ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡುವಾಗ ನಂಬರಿಗೆ ಮೊದಲು 0 ಸೇರಿಸಬೇಕು. ಆಫೀಸಿನಲ್ಲಾದರೆ ಹೊರಲೈನಿಗೆ ಒಂದು ಸೊನ್ನೆ, ಮೊಬೈಲಿಗೆ ಇನ್ನೊಂದು. ಎರಡನೆಯದನ್ನು ಮರೆತು ಗೊಣಗುವವರು ಹೆಚ್ಚು. ಹತ್ತಂಕಿಯ ಮೊಬೈಲ್ ನಂಬರ್ ಕಂಡರೆ ತಾನೇ 0 ಸೇರಿಸು ಎಂದು ಪೆಟ್ಟಿಗೆಗೆ ಒಂದು ಸಲ ಹೇಳಿಟ್ಟರೆ ಯಾರೂ ಏನನ್ನೂ ನೆನಪಿಡಬೇಕಿಲ್ಲ.

ಈಗೀಗ ಗೋಡೆಯ ಪೆಟ್ಟಿಗೆಯ ಬದಲು ಕಂಪ್ಯೂಟರಿನೊಳಗಿನ ತಂತ್ರಾಂಶವೇ ಎಕ್ಸ್‌ಚೇಂಜಿನ ಕೆಲಸ ಮಾಡುತ್ತದೆ. ಅಮೆರಿಕದ ಮಾರ್ಕ್ ಸ್ಪೆನ್ಸರ್ 1999ರಲ್ಲಿ ಒಂದು ಚಿಕ್ಕ ಕಂಪನಿ ತೆರೆದರು. ಎಕ್ಸ್‌ಚೇಂಜ್ ಕೊಳ್ಳುವಷ್ಟು ಹಣ ಕೈಯಲ್ಲಿರಲಿಲ್ಲ, ತಾವೇ ಒಂದನ್ನು ಬರೆದುಬಿಟ್ಟರು. ಅದೇ ಆಸ್ಟರಿಸ್ಕ್, ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ಅದರಲ್ಲಿ ಫೋನುಗಳ ವಿವರವನ್ನು ಸಾದಾ ಬರಹದ ಫೈಲಿನಲ್ಲಿ ಬರೆಯುತ್ತಾರೆ. ಹೆಸರಿನ ಮುಂದೆ ಆವರಣದೊಳಗೆ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ‘ಇದು ಫೋನ್ ಅಲ್ಲ, ಮಾದರಿ ಮಾತ್ರ’ ಎಂದರ್ಥ. ‘ತರಗತಿ ಫೋನ್’ ಎಂಬ ಮಾದರಿಯಲ್ಲಿ ಇಪ್ಪತ್ತು ಸಾಲು ಬರೆದಿಟ್ಟರೆ, 30 ಫೋನುಗಳಿಗೆ ‘ತರಗತಿ ಫೋನಿನಂತೆ’ ಎಂದು ಹೇಳಿ ಹೆಸರು, ಪಾಸ್‌ವರ್ಡ್ ಮಾತ್ರ ಬೇರೆ ಕೊಟ್ಟರಾಯಿತು. ಲೈಬ್ರರಿಯ ಫೋನಿಗೆ ಮಾತ್ರ ಒಂದು ವಿಷಯ ಬೇರೆ ಇರಬೇಕೇ? ಆ ಫೋನಿನ ಕೆಳಗೆ ಒಂದು ಸಾಲು ಸೇರಿಸಿ. ಮಾದರಿಯಲ್ಲಿ ಏನೇ ಇದ್ದರೂ ಫೋನಿನ ಕೆಳಗೆ ಬರೆದದ್ದೇ ಗೆಲ್ಲುತ್ತದೆ. ನಾಳೆ ಮಾದರಿಯ ಒಂದು ಸಾಲನ್ನು ತಿದ್ದಿದರೆ ಮೂವತ್ತೂ ಫೋನುಗಳು ಬದಲಾಗುತ್ತವೆ, ತನ್ನದೇ ಸಾಲು ಇಟ್ಟುಕೊಂಡ ಲೈಬ್ರರಿ ಆ ಒಂದು ವಿಷಯದಲ್ಲಿ ಮಾತ್ರ ಹಾಗೆಯೇ ಉಳಿಯುತ್ತದೆ. ಸುಖವೂ ಇಲ್ಲೇ, ಅಪಾಯವೂ ಇಲ್ಲೇ. ಆ ಒಂದು ಸಾಲು ತಪ್ಪಾದರೆ ಮೂವತ್ತೂ ಫೋನು ಒಟ್ಟಿಗೆ ಮೂಕವಾಗುತ್ತವೆ.

ಎಲ್ಲ ಪ್ರಶ್ನೆಗೂ ಉತ್ತರ ತುಂಬಿಡುವುದು ಒಳ್ಳೆಯದೇ? ಅಲ್ಲ. ಪಾಸ್‌ವರ್ಡ್ ನೋಡಿ. ಕಾರ್ಖಾನೆಯಿಂದ ಬಂದ ಪ್ರತಿ ಪೆಟ್ಟಿಗೆಗೂ 1234 ಎಂದೇ ಇದ್ದರೆ ಹಾಕುವವನಿಗೆ ಸುಲಭ, ಕಳ್ಳನಿಗೆ ಇನ್ನೂ ಸುಲಭ. ರಾತ್ರಿ ಯಾರೂ ಇಲ್ಲದಾಗ ಇಂಟರ್ನೆಟ್ ಮೂಲಕ ಒಳನುಗ್ಗಿ ದೂರದೇಶಗಳಿಗೆ ಕರೆ ಮಾಡಿ ಆಫೀಸಿನವರ ತಲೆಗೆ ಬಿಲ್ ಕಟ್ಟುವವರಿದ್ದಾರೆ. ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇಟ್ಟು ಮನೆಬಳಕೆಯ ಇಂಟರ್ನೆಟ್ ಉಪಕರಣ ಮಾರುವುದನ್ನು ಬ್ರಿಟನ್ 2024ರ ಏಪ್ರಿಲ್ 29ರಿಂದ ಕಾನೂನು ಮಾಡಿ ನಿಲ್ಲಿಸಿತು. ಇಂಥ ಪ್ರಶ್ನೆಯನ್ನು ಪೆಟ್ಟಿಗೆ ಕೇಳಲೇಬೇಕು, ಉತ್ತರ ಬರುವವರೆಗೆ ಬಿಡಲೂಬಾರದು.

ಇದಕ್ಕೆ ತದ್ವಿರುದ್ಧವಾಗಿ, ಯಾರನ್ನೂ ಕೇಳದೆ ತುಂಬಿಟ್ಟಿರಲೇಬೇಕಾದ ಉತ್ತರವೂ ಒಂದಿದೆ. ಅದರ ಹಿಂದಿನ ಘಟನೆ ದುಃಖದ್ದು, ಆದರೂ ಹೇಳುತ್ತೇನೆ. 2013ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಮಾರ್ಷಲ್ ಎಂಬ ಊರಿನ ಹೋಟೆಲ್ ಕೋಣೆಯೊಂದರಲ್ಲಿ ಕಾರಿ ಹಂಟ್ ಎಂಬ ತಾಯಿಯ ಮೇಲೆ ಹಲ್ಲೆಯಾಯಿತು. ಅವರ ಒಂಬತ್ತು ವರ್ಷದ ಮಗಳು ಕಲಿತಿದ್ದಂತೆಯೇ ಅಲ್ಲಿಯ ತುರ್ತು ನಂಬರ್ 911 ಒತ್ತಿದಳು. ಒಂದಲ್ಲ, ನಾಲ್ಕು ಸಲ. ಕರೆ ಹೋಗಲಿಲ್ಲ. ಆ ಹೋಟೆಲಿನಲ್ಲಿ ಹೊರಲೈನ್ ಬೇಕಾದರೆ ಮೊದಲು 9 ಒತ್ತಬೇಕಿತ್ತು. ನೀವು ಬರೆದ ಕೊಂಬೆಗಳ ಚಿತ್ರ ನೋಡಿ: 9 ಎಂದರೆ ‘ಹೊರಲೈನ್ ಕೊಡು’ ಎಂದು ತಿಳಿಯುವ ಪೆಟ್ಟಿಗೆಗೆ 911ರಲ್ಲಿ ನಂಬರಾಗಿ ಉಳಿಯುವುದು 11 ಮಾತ್ರ. ಹುಡುಗಿ ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತಾಯಿ ಬದುಕಲಿಲ್ಲ.

ಹುಡುಗಿಯ ಅಜ್ಜ ಸುಮ್ಮನೆ ಕೂರಲಿಲ್ಲ. ಕಾನೂನು ಬೇಕೆಂದು ಒತ್ತಾಯಿಸಿದರು. 2018ರಲ್ಲಿ ಅಮೆರಿಕದ ಸಂಸತ್ತು ‘ಕಾರಿಯ ಕಾನೂನು’ ಮಾಡಿತು, 2020ರ ಫೆಬ್ರವರಿ 16ರಿಂದ ಅದು ಜಾರಿಗೆ ಬಂತು. ಹಲವು ಫೋನುಗಳ ಇಂಥ ವ್ಯವಸ್ಥೆಯನ್ನು ಮಾರುವಾಗಲೇ, ಮೊದಲು ಯಾವ ಅಂಕಿಯನ್ನೂ ಸೇರಿಸದೆ 911 ಒತ್ತಿದರೆ ಕರೆ ಹೋಗುವಂತೆ ಮೊದಲೇ ಹೊಂದಿಸಿರಬೇಕು ಎನ್ನುತ್ತದೆ ಆ ಕಾನೂನು. ಕರೆ ಹೋದ ಸುದ್ದಿ ರಿಸೆಪ್ಷನ್ನಿನಂಥ ಜಾಗಕ್ಕೂ ಮುಟ್ಟಬೇಕು, ಸಹಾಯಕ್ಕೆ ಬಂದವರಿಗೆ ಯಾವ ಕೋಣೆ ಎಂದು ತೋರಿಸಲು ಯಾರಾದರೂ ಬೇಕಲ್ಲ. ಹೋಟೆಲಿನ ಮಾಲೀಕರಿಗೆ ನೆನಪಾದರೆ ಹೊಂದಿಸಲಿ ಎಂದು ಬಿಟ್ಟಿದ್ದ ಕೆಲಸವನ್ನು ಈ ಕಾನೂನು, ಪೆಟ್ಟಿಗೆ ತಯಾರಿಸುವವರ ಹೆಗಲಿಗೂ ಏರಿಸಿತು. ನನ್ನ ಲೆಕ್ಕದಲ್ಲಿ ಡೀಫಾಲ್ಟಿನ ಅಳತೆಗೋಲು ಇದೇ: ಹೆದರಿದ ಒಂದು ಮಗು, ಯಾವ ಸೂಚನೆಯನ್ನೂ ಓದದೆ, ತನಗೆ ಗೊತ್ತಿದ್ದಷ್ಟನ್ನೇ ಒತ್ತಿದರೆ ಏನಾಗುತ್ತದೆ?

ನಿಮ್ಮ ಶಾಲೆಯ ಆಫೀಸಿನಲ್ಲಿ ಇಂಥ ಪೆಟ್ಟಿಗೆ ಇದ್ದರೆ ಮೇಡಂ ಇಲ್ಲವೇ ಸರ್ ಅವರನ್ನು ಕೇಳಿ ಆ ನಂಬರಿನ ಹಾಳೆಯನ್ನು ಬರೆದುಕೊಳ್ಳಿ. ಕೊಂಬೆಗಳನ್ನು ಎಳೆದು ಯಾವುದು ಎಲ್ಲಿ ಮುಗಿಯುತ್ತದೆ, ಯಾವುದು ಖಾಲಿ ಇದೆ ಎಂದು ನೋಡಿ. 3ರದ್ದೋ 4ರದ್ದೋ ಖಾಲಿ ಇದ್ದರೆ ಹೊಸ ಕಟ್ಟಡ ಬಂದಾಗ ಅದರ ಫೋನುಗಳಿಗೆ ಜಾಗ ಇದೆ ಎಂದಾಯಿತು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿ: ‘ಈ ಫೋನಿನಿಂದ ನೇರವಾಗಿ 112 ಒತ್ತಿದರೆ ಹೋಗುತ್ತಾ, ಮೊದಲು 0 ಒತ್ತಬೇಕಾ?’ ಪರೀಕ್ಷೆಗೆಂದು ನೀವೇ ಒತ್ತಿ ನೋಡಲು ಹೋಗಬೇಡಿ, ಆ ಕಡೆ ನಿಜವಾಗಿಯೂ ಯಾರೋ ಎತ್ತಿಕೊಳ್ಳುತ್ತಾರೆ. ಆಫೀಸಿನವರಿಗೂ ಗೊತ್ತಿಲ್ಲದಿದ್ದರೆ ಪೆಟ್ಟಿಗೆ ಹಾಕಿದವರ ನಂಬರನ್ನು ಅದರ ಮೇಲೇ ಅಂಟಿಸಿರುತ್ತಾರೆ. ಅವರಿಗೊಂದು ಫೋನ್ ಮಾಡಿ ಕೇಳಲು ಹೇಳಿ.